ಸೂಜಿ ನೋಡುವ ಮೊದಲು ಕಿವಿಗೊಡಿ: ಮನೆಯ ಸಿಮ್ಯುಲೇಟರ್‌ಗೆ ರೇಡಿಯೋ ದಾರಿ

ಮನೆಯಲ್ಲಿ ಫ್ಲೈಟ್ ಸಿಮ್ಯುಲೇಟರ್ ಇಟ್ಟುಕೊಂಡವರು ನನ್ನ ಬಳಿ ತರುವ ದೂರು ಹೆಚ್ಚುಕಮ್ಮಿ ಒಂದೇ. "ಮೇಡಂ, ಫ್ರೀಕ್ವೆನ್ಸಿ ಸರಿಯಾಗೇ ಹಾಕಿದ್ದೀನಿ. ಸೂಜಿ ಮಾತ್ರ ಅಲ್ಲಾಡೋದೇ ಇಲ್ಲ." ನಾನು ಮೊದಲು ಕೇಳುವ ಪ್ರಶ್ನೆಯೂ ಒಂದೇ: "ಕಿವಿಗೆ ಏನು ಬೀಳ್ತಾ ಇದೆ?" ಹೆಚ್ಚಿನವರಿಗೆ ಎಂಜಿನ್ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರುವುದಿಲ್ಲ.

ನಾನು ಇನ್‌ಸ್ಟ್ರುಮೆಂಟ್ ಹಾರಾಟ ಕಲಿಸುತ್ತೇನೆ. ಅಂದರೆ ಕಿಟಕಿಯಾಚೆ ಏನೂ ಕಾಣದಿದ್ದಾಗ ಉಪಕರಣಗಳನ್ನೇ ನಂಬಿ ವಿಮಾನ ನಡೆಸುವುದು. ಈ ಪಾಠಕ್ಕೆ ಮನೆಯ ಸಿಮ್ಯುಲೇಟರ್ ತುಂಬಾ ಒಳ್ಳೆಯ ಜಾಗ. ಗೊಂದಲವಾದಾಗ ನಿಲ್ಲಿಸಿ ಯೋಚಿಸಬಹುದು. ಆಕಾಶದಲ್ಲಿ ಅದು ಆಗುವುದಿಲ್ಲ ಅಲ್ವಾ? ಆದರೆ ರೇಡಿಯೋಗಳನ್ನು ಸರಿಯಾಗಿ ಹೊಂದಿಸಿಕೊಂಡಿರಬೇಕು. ಇಲ್ಲದಿದ್ದರೆ ಕೆಟ್ಟ ಅಭ್ಯಾಸಗಳೇ ಗಟ್ಟಿಯಾಗುತ್ತವೆ.

ಶುರುವಿಗೆ ಸೆಸ್ನಾ 172 ಎಂಬ ಪುಟ್ಟ ವಿಮಾನ ಸಾಕು. ಎರಡು ಬಗೆಯ ಪ್ಯಾನೆಲ್ ಇದ್ದರೆ, ಪರದೆಗಳಿರುವ ಜಿ1000 ಬಿಟ್ಟು ಹಳೆಯ ಗಡಿಯಾರದಂಥ ಡಯಲ್‌ಗಳಿರುವುದನ್ನೇ ಆರಿಸಿಕೊಳ್ಳಿ. ಜಿ1000ನಲ್ಲಿ ನಕ್ಷೆ ಎದುರಿಗೇ ಇರುತ್ತದೆ. ಕಣ್ಣು ಅದರ ಮೇಲೆಯೇ ಹೋಗುತ್ತದೆ, ಸೂಜಿ ಓದಲು ಕಲಿಯುವುದೇ ಇಲ್ಲ.

ಉದಾಹರಣೆಗೆ ಅಮೆರಿಕದ ಸಿಯಾಟಲ್‌ನ ವಿಒಆರ್ ತೆಗೆದುಕೊಳ್ಳೋಣ. ವಿಒಆರ್ ಅಂದರೆ ವಿಮಾನಗಳಿಗೆ ದಿಕ್ಕು ಹೇಳುವ ನೆಲದ ಮೇಲಿನ ರೇಡಿಯೋ ಸ್ಟೇಷನ್. ನೀವು ಆರಿಸಿದ ದಾರಿಯಿಂದ ಎಷ್ಟು ಸರಿದಿದ್ದೀರಿ ಎಂದು ತೋರಿಸುವುದೇ ಸೂಜಿಯ ಕೆಲಸ. ಅದರ ಫ್ರೀಕ್ವೆನ್ಸಿ 116.80 ಮೆಗಾಹರ್ಟ್ಜ್. ನ್ಯಾವ್-1 ಎಂಬ ದಾರಿ ತೋರುವ ರೇಡಿಯೋದಲ್ಲಿ ಆ ಸಂಖ್ಯೆ ತಿರುಗಿಸಿ, ಸ್ಟ್ಯಾಂಡ್‌ಬೈಯಿಂದ ಬಳಕೆಗೆ ತನ್ನಿ. ಹಲವರು ಇಲ್ಲಿಗೇ ನಿಲ್ಲಿಸುತ್ತಾರೆ. ಆಡಿಯೋ ಪ್ಯಾನೆಲ್‌ನಲ್ಲಿ ನ್ಯಾವ್-1 ಗುಂಡಿಯನ್ನೂ ಒತ್ತಿ, ವಾಲ್ಯೂಮ್ ಏರಿಸಿ. ಸಿಮ್ಯುಲೇಟರ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ರೇಡಿಯೋ ಸದ್ದು ಸೊನ್ನೆಯಲ್ಲಿ ಇಲ್ಲ ತಾನೇ, ಅದನ್ನೂ ನೋಡಿ. ಈಗ ಮೋರ್ಸ್ ಕೇಳಿಸಬೇಕು: ಮೂರು ಚುಕ್ಕಿ, ಒಂದು ಚುಕ್ಕಿ, ಆಮೇಲೆ ಚುಕ್ಕಿ-ಗೀಟು. ಎಸ್, ಇ, ಎ. ಇದು ಸಿಯಾಟಲ್ ಸ್ಟೇಷನ್ ತನ್ನ ಹೆಸರು ಹೇಳಿಕೊಳ್ಳುವ ರೀತಿ.

ಇದಕ್ಕೆ ನಾನು ಇಷ್ಟು ಒತ್ತು ಕೊಡಲು ಕಾರಣ ಇದೆ. ಸಿಗ್ನಲ್ ಇಲ್ಲದಾಗ ಹಲವು ಉಪಕರಣಗಳಲ್ಲಿ ಸೂಜಿ ಸರಿಯಾಗಿ ನಡುವೆಯೇ ನಿಲ್ಲುತ್ತದೆ. ದಾರಿಯ ಮೇಲೆಯೇ ಇದ್ದಾಗಲೂ ಅದು ನಿಲ್ಲುವುದು ಅಲ್ಲೇ! ಎರಡನ್ನೂ ಬೇರೆ ಮಾಡಿ ತೋರಿಸುವುದು ಪಕ್ಕದಲ್ಲಿ ಮೂಡುವ ಒಂದು ಪುಟ್ಟ ಎಚ್ಚರಿಕೆ ಪಟ್ಟಿ ಮಾತ್ರ. ನಿಜವಾದ ಸ್ಟೇಷನ್ ರಿಪೇರಿಯಲ್ಲಿದ್ದಾಗ ಸಿಗ್ನಲ್ ಬರುತ್ತಿದ್ದರೂ ಮೋರ್ಸ್ ಗುರುತನ್ನು ತೆಗೆದಿರುತ್ತಾರೆ. ಸೂಜಿ ಆಡುತ್ತಿದೆ, ಹೆಸರು ಮಾತ್ರ ಕೇಳಿಸುತ್ತಿಲ್ಲ ಎಂದರೆ ಆ ಸೂಜಿಯನ್ನು ನಂಬುವ ಹಾಗಿಲ್ಲ. ಈ ಅಭ್ಯಾಸ ಮನೆಯಲ್ಲಿ ಬರದಿದ್ದರೆ ಕಾಕ್‌ಪಿಟ್‌ನಲ್ಲೂ ಬರುವುದಿಲ್ಲ.

ಮೋರ್ಸ್ ಕೇಳಿಸಿಯೂ ಸೂಜಿ ಜಗ್ಗದಿದ್ದರೆ, ಅದು ಜಿಪಿಎಸ್‌ನ ಮಾತು ಕೇಳುತ್ತಿರಬಹುದು. ಡಯಲ್ ಪ್ಯಾನೆಲ್‌ನಲ್ಲಿ ಜಿಪಿಎಸ್ ಅಥವಾ ನ್ಯಾವ್ ಎಂದು ಆರಿಸುವ ಸ್ವಿಚ್ ಇರುತ್ತದೆ. ಜಿ1000ನಲ್ಲಿ ಸಿಡಿಐ ಎಂಬ ಗುಂಡಿ ಇದೆ. ಗುಲಾಬಿ-ನೇರಳೆ ಗೆರೆ ಇದ್ದರೆ ಜಿಪಿಎಸ್, ಹಸಿರಿದ್ದರೆ ರೇಡಿಯೋ. ನನ್ನ ಬಳಿ ಬರುವ ದೂರುಗಳಲ್ಲಿ ಎಷ್ಟೋ ಈ ಒಂದು ಗುಂಡಿಯಲ್ಲೇ ಮುಗಿಯುತ್ತವೆ.

ಇನ್ನು ಓಬಿಎಸ್ ಗುಂಡಿ, ಅಂದರೆ ಯಾವ ದಿಕ್ಕಿನ ದಾರಿ ಬೇಕು ಎಂದು ಆರಿಸುವ ಗುಂಡಿ. ಇದನ್ನು ಮೌಸ್‌ನಲ್ಲಿ ತಿರುಗಿಸುವ ಕಷ್ಟ ಬೇಡ. ಜಾಯ್‌ಸ್ಟಿಕ್‌ನ ಎರಡು ಬಟನ್‌ಗಳಿಗೆ ಹೆಚ್ಚು-ಕಡಿಮೆ ಎಂದು ಜೋಡಿಸಿಕೊಳ್ಳಿ. ವಿಒಆರ್ ಕಳಿಸುವುದು 30 ಹರ್ಟ್ಜ್‌ನ ಎರಡು ಸಿಗ್ನಲ್‌ಗಳನ್ನು. ಒಂದು ಎಲ್ಲ ದಿಕ್ಕಿಗೂ ಒಂದೇ ಥರ. ಇನ್ನೊಂದರ ಫೇಸ್, ಅಂದರೆ ಅಲೆಯ ಏರಿಳಿತದ ಹೊತ್ತು, ನೀವು ಯಾವ ದಿಕ್ಕಿನಲ್ಲಿದ್ದೀರಿ ಎಂಬುದರ ಮೇಲೆ ಬದಲಾಗುತ್ತದೆ. ಎರಡರ ನಡುವಿನ ಅಂತರವೇ ನಿಮ್ಮ ರೇಡಿಯಲ್, ಅಂದರೆ ಸ್ಟೇಷನ್‌ನಿಂದ ನೀವಿರುವ ಕಡೆಗೆ ಹೊರಡುವ ಗೆರೆ. ನಿಮ್ಮ ವಿಮಾನದ ಮೂತಿ ಎತ್ತ ಇದೆ ಎಂಬುದು ಆ ಸ್ಟೇಷನ್‌ಗೆ ಗೊತ್ತೇ ಇಲ್ಲ. ಇದು ತಲೆಗೆ ಹೋದರೆ, ಆರಿಸಿದ ದಾರಿ ಸ್ಟೇಷನ್ ಕಡೆಗೋ ಅದರಿಂದ ಆಚೆಗೋ ಎಂದು ತೋರಿಸುವ ಟು-ಫ್ರಮ್ ಬಾಣದ ಗೊಂದಲ ಅರ್ಧ ಇಳಿಯುತ್ತದೆ.

ಸಿಯಾಟಲ್ ಉದಾಹರಣೆಯನ್ನು ಬೇಕೆಂದೇ ತೆಗೆದುಕೊಂಡೆ. ಅಲ್ಲಿ ಕೆಲಸಕ್ಕಿರುವ ಒಬ್ಬ ಹುಡುಗ ವಾರಾಂತ್ಯದಲ್ಲಿ ನನ್ನಿಂದ ಆನ್‌ಲೈನ್ ಪಾಠ ಹೇಳಿಸಿಕೊಳ್ಳುತ್ತಾನೆ. ಎಕ್ಸ್-ಪ್ಲೇನ್ ಎಂಬ ಸಿಮ್ಯುಲೇಟರ್‌ನಲ್ಲಿ ಗಾಳಿಯನ್ನು ಪೂರ್ತಿ ಸೊನ್ನೆಗೆ ಇಳಿಸಿ, 090 ರೇಡಿಯಲ್ ಹಿಡಿದು ಹೊರಗೆ ಹಾರುತ್ತಿದ್ದ. ಸೂಜಿ ನಡುವೆ ಇರಬೇಕಾದರೆ ಮೂತಿಯನ್ನು 094ರ ಹತ್ತಿರ ಇಡಬೇಕಾಗುತ್ತಿತ್ತು. "ಗಾಳಿನೇ ಇಲ್ಲ ಮೇಡಂ, ಆದ್ರೂ ಪಕ್ಕಕ್ಕೆ ಎಳೀತಿದೆ" ಅಂದ. ಜಾಯ್‌ಸ್ಟಿಕ್ ಕೆಟ್ಟಿದೆ ಎಂದುಕೊಂಡು ಎರಡು ಸಲ ಕ್ಯಾಲಿಬ್ರೇಟ್ ಕೂಡ ಮಾಡಿದ್ದ.

ಎಕ್ಸ್-ಪ್ಲೇನ್ ತನ್ನ ಸ್ಟೇಷನ್‌ಗಳನ್ನೆಲ್ಲ ಒಂದು ಸಾದಾ ಪಠ್ಯ ಫೈಲ್‌ನಲ್ಲಿ ಇಟ್ಟಿರುತ್ತದೆ. ಅದನ್ನು ತೆರೆಸಿ ಸಿಯಾಟಲ್ ಸಾಲು ಓದಿಸಿದೆ. ಮೊದಲ ಅಂಕಿ 3, ಅಂದರೆ ವಿಒಆರ್. ಆಮೇಲೆ ಅಕ್ಷಾಂಶ, ರೇಖಾಂಶ, ಎತ್ತರ. 11680 ಎಂಬುದು ಫ್ರೀಕ್ವೆನ್ಸಿ, ಚುಕ್ಕಿ ತೆಗೆದು ಬರೆದದ್ದು. 130 ಎಂಬುದು ನಾಟಿಕಲ್ ಮೈಲಿಗಳಲ್ಲಿ ವ್ಯಾಪ್ತಿ. ಅದರ ಪಕ್ಕದಲ್ಲಿ 19.0. ಗುಟ್ಟು ಇರುವುದು ಈ ಕೊನೆಯ ಸಂಖ್ಯೆಯಲ್ಲಿ.

ದಿಕ್ಸೂಚಿಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ನಡುವಿನ ವ್ಯತ್ಯಾಸ ವರ್ಷ ವರ್ಷವೂ ಸ್ವಲ್ಪ ಸರಿಯುತ್ತಿರುತ್ತದೆ. ಸಿಯಾಟಲ್ ವಿಒಆರ್‌ನ ಸೊನ್ನೆಯನ್ನು ಅದು ಪೂರ್ವಕ್ಕೆ 19 ಡಿಗ್ರಿ ಇದೆ ಎಂದು ಹಿಡಿದು ಹೊಂದಿಸಿದ್ದಾರೆ. ಈಗ ಅಲ್ಲಿ ಅದು ಸುಮಾರು 15 ಡಿಗ್ರಿ. ವಿಮಾನದ ದಿಕ್ಸೂಚಿ ಇವತ್ತಿನ ಲೆಕ್ಕ ಹೇಳುತ್ತದೆ, ಸ್ಟೇಷನ್ ಹಳೆಯ ಲೆಕ್ಕ ಹೇಳುತ್ತದೆ. ಆ 4 ಡಿಗ್ರಿಯೇ ಹುಡುಗನಿಗೆ ಗಾಳಿಯಂತೆ ಕಂಡದ್ದು. ಅಂದರೆ ಸಿಮ್ಯುಲೇಟರ್ ತಪ್ಪಿರಲಿಲ್ಲ. ಅದು ನಿಜವನ್ನೇ ತೋರಿಸುತ್ತಿತ್ತು. ಆ ಸಾಲನ್ನು ಓದಿದಾಗ ಅವನ ಮುಖ ಅರಳಿದ್ದು ನನಗೆ ಇನ್ನೂ ನೆನಪಿದೆ. ಬೆಂಗಳೂರಿನ ಸುತ್ತ ಈ ವ್ಯತ್ಯಾಸ 2 ಡಿಗ್ರಿಯೂ ಇಲ್ಲ. ಹಾಗಾಗಿ ಇಲ್ಲಷ್ಟೇ ಹಾರಿಸುವವರಿಗೆ ಇದು ಕಣ್ಣಿಗೆ ಬೀಳುವುದು ಕಷ್ಟ.

ವ್ಯಾಪ್ತಿ 130 ಎಂದಿದೆ ಅಂತ ನೆಲದ ಹತ್ತಿರ ಅಷ್ಟು ದೂರ ಸಿಗ್ನಲ್ ಬರುವುದಿಲ್ಲ. ಭೂಮಿ ಬಾಗಿದೆಯಲ್ಲ. 3,000 ಅಡಿ ಎತ್ತರದಲ್ಲಿ ಸುಮಾರು 67 ನಾಟಿಕಲ್ ಮೈಲಿ, ಅಷ್ಟೇ. ಸ್ಟೇಷನ್‌ಗೆ ಇರುವ ದೂರ ಅಳೆಯುವ ಡಿಎಂಇ ಉಪಕರಣ ತೋರಿಸುವ ದೂರವೂ ಓರೆಯಾಗಿ ಅಳೆದದ್ದು. ಸ್ಟೇಷನ್‌ನ ನೆತ್ತಿಯ ಮೇಲೆ 12,000 ಅಡಿಯಲ್ಲಿದ್ದರೆ ಅದು ಸೊನ್ನೆ ತೋರಿಸುವುದಿಲ್ಲ, 2 ನಾಟಿಕಲ್ ಮೈಲಿ ತೋರಿಸುತ್ತದೆ.

ರನ್‌ವೇಗೆ ಇಳಿಯಲು ದಾರಿ ತೋರುವ ರೇಡಿಯೋ ವ್ಯವಸ್ಥೆಯಾದ ಐಎಲ್‌ಎಸ್‌ಗೆ ಹೋಗುವ ಮೊದಲು ಒಂದು ಸಣ್ಣ ಗುರುತು. 108ರಿಂದ 112 ಮೆಗಾಹರ್ಟ್ಜ್‌ನೊಳಗೆ ಚುಕ್ಕಿಯ ನಂತರದ ಮೊದಲ ಅಂಕಿ ಬೆಸವಾಗಿದ್ದರೆ ಅದು ಐಎಲ್‌ಎಸ್, ಸಮವಾಗಿದ್ದರೆ ವಿಒಆರ್. ಐಎಲ್‌ಎಸ್ ಹಾಕಿದ ಮೇಲೆ ಓಬಿಎಸ್ ತಿರುಗಿಸಿದರೂ ಸೂಜಿ ಬದಲಾಗುವುದಿಲ್ಲ. ಆದರೂ ರನ್‌ವೇ ದಿಕ್ಕನ್ನು ಅಲ್ಲಿ ಹಾಕಿಡಿ, ನೆನಪಿಗೆ. ವಿಒಆರ್‌ನಲ್ಲಿ ಸೂಜಿ ಪೂರ್ತಿ ಪಕ್ಕಕ್ಕೆ ಹೋದರೆ 10 ಡಿಗ್ರಿ ತಪ್ಪಿದ್ದೀರಿ ಎಂದರ್ಥ. ಇಲ್ಲಿ ಸುಮಾರು 2.5 ಡಿಗ್ರಿಗೇ ಪೂರ್ತಿ ಹೋಗಿಬಿಡುತ್ತದೆ. ಕೈ ಅಷ್ಟು ಮೆತ್ತಗಿರಬೇಕು. ಇಳಿಯುವ ಇಳಿಜಾರನ್ನು ತೋರಿಸುವ ಗ್ಲೈಡ್ ಸ್ಲೋಪ್‌ಗೆ ಬೇರೆ ಫ್ರೀಕ್ವೆನ್ಸಿ ಹಾಕಬೇಕಿಲ್ಲ, ಅದು ತಾನಾಗಿಯೇ ಜೊತೆಗೆ ಬರುತ್ತದೆ.

ಕೊನೆಯದಾಗಿ, ನಿಮ್ಮ ಚಾರ್ಟ್‌ನ ವಯಸ್ಸೂ ಸಿಮ್ಯುಲೇಟರ್ ಡೇಟಾದ ವಯಸ್ಸೂ ಹೊಂದಬೇಕು. ನಿಜವಾದ ವಿಮಾನಗಳ ಡೇಟಾ 28 ದಿನಕ್ಕೊಮ್ಮೆ ಹೊಸದಾಗುತ್ತದೆ. 2006ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ ಎಕ್ಸ್ ಇನ್ನೂ ಓಡಿಸುವವರಿದ್ದಾರೆ. ಏನೂ ಸೇರಿಸದ ಅದರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಹುಡುಕಿದರೆ ಸಿಗದು, ಯಾಕೆಂದರೆ ಅದು ತೆರೆದದ್ದೇ 2008ರ ಮೇನಲ್ಲಿ. 2019ರ ಕೊನೆಯಲ್ಲಿ ಅಲ್ಲಿ ಎರಡನೇ ರನ್‌ವೇ ಬಂದ ಮೇಲೆ ಮೊದಲಿನದರ ಹೆಸರೂ 09ರಿಂದ 09 ಎಡ ಎಂದಾಯಿತು. ಅದಕ್ಕಿಂತ ಹಳೆಯ ಡೇಟಾ ಇಟ್ಟುಕೊಂಡು ಇವತ್ತಿನ ಚಾರ್ಟ್ ಓದಿದರೆ ರನ್‌ವೇ ಹೆಸರೇ ತಾಳೆಯಾಗುವುದಿಲ್ಲ. ಹೊಸ ಡೇಟಾ ಕೊಳ್ಳಲು ಆಗದಿದ್ದರೆ ಚಾರ್ಟ್ ಪಕ್ಕಕ್ಕಿಡಿ. ಸಿಮ್ಯುಲೇಟರ್‌ನ ಒಳಗಿನ ನಕ್ಷೆಯಲ್ಲೇ ಫ್ರೀಕ್ವೆನ್ಸಿ ಮತ್ತು ಗುರುತಿನ ಅಕ್ಷರ ನೋಡಿ ಬರೆದುಕೊಂಡು, ಅದರ ಮೋರ್ಸ್ ಕೇಳಿಸುವವರೆಗೂ ಕಾಯಿರಿ.