ನಾಲಿಗೆ ಕಚ್ಚಿಕೊಂಡ ಮುಖ ಯಾರಿಗೆ ಅರ್ಥವಾಗುತ್ತದೆ?

ಪ್ರಶ್ನೆ: ಮುಖ ನೋಡಿದರೆ ಸಾಕು, ಮನಸ್ಸು ಗೊತ್ತಾಗುತ್ತದೆ ಅನ್ನುತ್ತಾರೆ. ಬೇರೆ ದೇಶದವರ ವಿಷಯದಲ್ಲೂ ಇದು ನಿಜವಾ? ನಗು, ಅಳು, ಸಿಟ್ಟು ಎಲ್ಲ ಕಡೆಯೂ ಒಂದೇ ಅಲ್ವಾ?

ನಗುವಿನ ಮಟ್ಟಿಗೆ ಧೈರ್ಯವಾಗಿ ಹೌದು ಅನ್ನಬಹುದು. ಉಳಿದ ಮುಖಗಳು ಅಷ್ಟು ಸಲೀಸಲ್ಲ. ಯಾಕೆ ಅನ್ನುವುದನ್ನು ಒಂದು ಕಾಡುಹಂದಿಯಿಂದ ಶುರು ಮಾಡುತ್ತೇನೆ.

1960ರ ದಶಕದ ಕೊನೆಯಲ್ಲಿ ಪಾಲ್ ಎಕ್ಮನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪಪುವಾ ನ್ಯೂಗಿನಿಯ ಬೆಟ್ಟಗಳಲ್ಲಿದ್ದ ಫೋರೆ ಜನರ ಹತ್ತಿರ ಹೋದರು. ಸಿನಿಮಾ ನೋಡದ, ಇಂಗ್ಲಿಷ್ ಬಾರದ, ಹೊರಗಿನವರ ಒಡನಾಟ ಕಡಿಮೆ ಇದ್ದವರನ್ನೇ ಹುಡುಕಿದರು. ಸಿನಿಮಾ ನೋಡಿ ಕಲಿತದ್ದು ಅಂತ ಆಮೇಲೆ ಯಾರೂ ಹೇಳಬಾರದಲ್ಲ. ಓದು ಬರಹ ಇಲ್ಲದವರು. ಹಾಗಾಗಿ ಚಿಕ್ಕ ಚಿಕ್ಕ ಕತೆ ಹೇಳಿಸಿ, ಮುಂದೆ ಫೋಟೊಗಳನ್ನಿಟ್ಟು, ಈ ಕತೆಗೆ ಯಾವ ಮುಖ ಹೊಂದುತ್ತದೆ ಅಂತ ಕೇಳಿದರು. ಸ್ನೇಹಿತರು ಬಂದಿದ್ದಾರೆ, ಖುಷಿಯಾಗಿದೆ. ಮಗು ತೀರಿಕೊಂಡಿದೆ. ಭಯದ ಕತೆ ಮಾತ್ರ ಸ್ವಲ್ಪ ಉದ್ದ: ಮನೆಯಲ್ಲಿ ಒಬ್ಬರೇ ಇದ್ದಾರೆ, ಊರಲ್ಲಿ ನರಪಿಳ್ಳೆಯೂ ಇಲ್ಲ, ಮನೆಯಲ್ಲಿ ಚಾಕು, ಕೊಡಲಿ, ಬಿಲ್ಲುಬಾಣ ಯಾವುದೂ ಇಲ್ಲ, ಬಾಗಿಲಲ್ಲಿ ಕಾಡುಹಂದಿ ಬಂದು ನಿಂತಿದೆ.

ಖುಷಿಯ ಕತೆಗೆ ನಗುವ ಮುಖವನ್ನು ಹೆಚ್ಚುಕಡಿಮೆ ಎಲ್ಲರೂ ತೋರಿಸಿದರು. ದುಃಖ, ಸಿಟ್ಟು, ಅಸಹ್ಯಕ್ಕೂ ಬಹಳಷ್ಟು ಜನ ನಾವು ನೀವು ಆರಿಸುವ ಮುಖವನ್ನೇ ಆರಿಸಿದರು. ಆದರೆ ಹಂದಿಯ ಕತೆ ಬಂದಾಗ ಭಯದ ಮುಖ ಯಾವುದು, ಬೆರಗಿನ ಮುಖ ಯಾವುದು ಅಂತ ಬೇರೆ ಮಾಡಲು ಅವರಿಗೆ ಆಗಲಿಲ್ಲ. 1971ರಲ್ಲಿ ಇದು ಪ್ರಕಟವಾಯಿತು. ಮುಂದೆ 'ಆರು ಮೂಲ ಭಾವನೆಗಳು, ಜಗತ್ತಿಗೆಲ್ಲ ಒಂದೇ ಮುಖ' ಅನ್ನುವ ಮಾತು ಪಠ್ಯಪುಸ್ತಕ ಸೇರಿತು. ಹಂದಿಯ ಕತೆಯಲ್ಲಿ ಆದ ಗೊಂದಲ ಅಷ್ಟು ಜನಕ್ಕೆ ತಲುಪಲಿಲ್ಲ. ನನ್ನ ಮಟ್ಟಿಗೆ ಆ ಗೊಂದಲವೇ ತುಂಬಾ ಮುಖ್ಯ.

ಯಾಕೆಂದರೆ ಅದೇ ದೇಶದ ಟ್ರೋಬ್ರಿಯಾಂಡ್ ದ್ವೀಪಗಳಿಗೆ ಕಾರ್ಲೋಸ್ ಕ್ರಿವೆಲ್ಲಿ ಎಂಬ ಸಂಶೋಧಕರು ಮತ್ತು ಜೊತೆಗಾರರು ಹೋಗಿ, ಕಣ್ಣರಳಿಸಿ ಬಾಯಿ ತೆರೆದ ಮುಖವನ್ನೇ ಅಲ್ಲಿನ ಹುಡುಗ ಹುಡುಗಿಯರಿಗೆ ತೋರಿಸಿದರು. ನಮಗೆ ಅದು ಹೆದರಿದ ಮುಖ. ಅವರಿಗೆ ಕಂಡದ್ದು ಹೆದರಿಸುವ ಮುಖ, ಮೇಲೆ ಬೀಳಲು ಬರುತ್ತಿರುವವನ ಮುಖ. 2016ರ ಸಂಶೋಧನೆ ಇದು. ಫೋಟೊ ಒಂದೇ, ಅರ್ಥ ಪೂರ್ತಿ ಉಲ್ಟಾ.

ಕೇಳುವ ರೀತಿಯೂ ಉತ್ತರವನ್ನು ಬದಲಿಸುತ್ತದೆ. 'ಸಿಟ್ಟು, ದುಃಖ, ಭಯ, ಇದರಲ್ಲಿ ಯಾವುದು?' ಅಂತ ಪಟ್ಟಿ ಕೊಟ್ಟರೆ ಅರ್ಧ ಉತ್ತರ ನಾವೇ ಕೊಟ್ಟ ಹಾಗೆ. ನಮೀಬಿಯಾದ ಹಿಂಬಾ ಜನರಿಗೆ ಪಟ್ಟಿ ಕೊಡದೆ, ಸುಮ್ನೆ ಫೋಟೊಗಳನ್ನು ಗುಂಪು ಮಾಡಿ ಅಂದಾಗ, ನಗುವ ಮುಖಗಳು ಒಂದು ಗುಂಪಾದವು. ಉಳಿದವು ಆರು ಭಾವನೆಗಳ ಪ್ರಕಾರ ಅಚ್ಚುಕಟ್ಟಾಗಿ ಬೇರೆಯಾಗಲಿಲ್ಲ. ಹೆಸರಿಡಿ ಅಂದರೆ 'ನಗುತ್ತಿದ್ದಾರೆ', 'ನೋಡುತ್ತಿದ್ದಾರೆ' ಅಂತ ಮಾಡುತ್ತಿರುವ ಕೆಲಸವನ್ನೇ ಹೇಳಿದವರು ಜಾಸ್ತಿ.

ಹಾಗಂತ ಎಲ್ಲವೂ ನೋಡಿ ಕಲಿತದ್ದೇ ಅನ್ನುವ ಹಾಗೂ ಇಲ್ಲ. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಹುಟ್ಟು ಕುರುಡರಾದ ಜೂಡೊ ಆಟಗಾರರ ಮುಖಗಳನ್ನು ಸಂಶೋಧಕರು ಗಮನಿಸಿದರು. ಇನ್ನೊಬ್ಬರ ಮುಖವನ್ನು ಒಮ್ಮೆಯೂ ಕಾಣದವರು. ಆದರೂ ಗೆದ್ದಾಗ, ಸೋತಾಗ ಅವರ ಮುಖದ ಸ್ನಾಯುಗಳು ಕಣ್ಣು ಕಾಣುವ ಆಟಗಾರರ ಹಾಗೆಯೇ ಅಲುಗಿದವು. ಅಂದರೆ ಮುಖ ಅಲುಗುವುದರಲ್ಲಿ ಹುಟ್ಟಿನಿಂದ ಬಂದದ್ದು ಬಹಳ ಇದೆ. ಅದನ್ನು ಯಾವಾಗ ತೋರಿಸಬೇಕು, ಯಾವಾಗ ನುಂಗಿಕೊಳ್ಳಬೇಕು, ಎದುರಿನವರು ಎಲ್ಲಿ ನೋಡಬೇಕು, ಇದು ಊರಿನದು. ಜಪಾನಿನವರು ಟೈಪ್ ಮಾಡುವ ನಗುಮುಖವನ್ನೇ ನೋಡಿ. ಕಣ್ಣುಗಳು ಕಮಾನಾಗಿರುತ್ತವೆ, ಬಾಯಿ ಬರೀ ಅಡ್ಡಗೆರೆ. ಅಮೆರಿಕದವರದ್ದರಲ್ಲಿ ಕಣ್ಣು ಎರಡು ಚುಕ್ಕಿ, ನಗುವ ಕೆಲಸವೆಲ್ಲ ಬಾಯಿಯದು.

ಈಗ ನಾಲಿಗೆಗೆ ಬರೋಣ. ಹಳೆಯ ಕಾಲದ ಅಜ್ಜಿಯೊಬ್ಬರು ಬಾಯಿ ತಪ್ಪಿ ಗಂಡನ ಹೆಸರು ಹೇಳಿಬಿಟ್ಟರು ಅಂದುಕೊಳ್ಳಿ. ತಕ್ಷಣ ನಾಲಿಗೆಯ ತುದಿ ಹಲ್ಲುಗಳ ನಡುವೆ ಬಂದು ಕೂರುತ್ತದೆ. ಕಣ್ಣು ಚೂರು ಅರಳುತ್ತದೆ, ಭುಜ ಕುಗ್ಗುತ್ತದೆ. ಅರೆ ಕ್ಷಣ ಅಷ್ಟೇ. ಸುತ್ತ ಇದ್ದವರೆಲ್ಲ ನಗುತ್ತಾರೆ, ಏನಾಯಿತು ಅಂತ ಯಾರೂ ಕೇಳುವುದಿಲ್ಲ. 'ನಾಲಿಗೆ ಕಚ್ಚಿಕೊಂಡಳು' ಅಂದರೆ ಕನ್ನಡದಲ್ಲಿ ಬೇರೆ ವಿವರಣೆ ಬೇಡ.

ಜೊನಾಥನ್ ಹೈಟ್ ಮತ್ತು ಡಾಕರ್ ಕೆಲ್ಟ್‌ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮುಖವೂ ಇತ್ತು. ಒಟ್ಟು 14 ಮುಖಗಳು. ಅಮೆರಿಕದಲ್ಲಿ 40 ಜನ, ಒಡಿಶಾದ ಭುವನೇಶ್ವರದಲ್ಲಿ 40 ಜನ. ಮೊದಲಿಗೆ ಪಟ್ಟಿ ಕೊಡಲಿಲ್ಲ. ಈ ವ್ಯಕ್ತಿಗೆ ಏನಾಗಿರಬಹುದು, ಯಾಕೆ ಹೀಗೆ ಮುಖ ಮಾಡಿದ್ದಾರೆ ಅಂತ ಕೇಳಿದರು. ಹೆಚ್ಚಿನ ಮುಖಗಳು ಎರಡೂ ಕಡೆ ಗುರುತು ಸಿಕ್ಕವು, ಕೆಲವು ಚೆನ್ನಾಗಿ, ಕೆಲವು ಅಷ್ಟಕ್ಕಷ್ಟೆ. ನಾಲಿಗೆ ಕಚ್ಚಿದ ಮುಖ ಮಾತ್ರ ನಮ್ಮ ಕಡೆಯದು. ಭುವನೇಶ್ವರದವರಿಗೆ ಅದರಲ್ಲಿ ಲಜ್ಜೆ ಕಂಡಿತು, ಅಯ್ಯೋ ತಪ್ಪಾಯಿತು ಅನ್ನುವ ನಾಚಿಕೆ ಕಂಡಿತು.

ಹಾಗಾಗಿ ವಿದೇಶದ ಸಹೋದ್ಯೋಗಿಯ ಎದುರು ನೀವು ನಾಲಿಗೆ ಕಚ್ಚಿಕೊಂಡು ಕ್ಷಮೆ ಕೇಳಿದ್ದೀರಿ ಅಂದುಕೊಂಡರೆ, ಅವರಿಗೆ ಅದು ಕೇಳಿಸಿರಲಿಕ್ಕಿಲ್ಲ. ಬಾಯಿಬಿಟ್ಟು 'ಸಾರಿ' ಅಂದುಬಿಡಿ.