ಗವರ್ನರನ ಸಂಬಳಕ್ಕಾಗಿ ಎಂಬತ್ತು ವರ್ಷಗಳ ಜಗಳ

1728ರ ಜುಲೈಯಲ್ಲಿ ಬಾಸ್ಟನ್ನಿಗೆ ಬಂದಿಳಿದ ಹೊಸ ಗವರ್ನರ್ ವಿಲಿಯಂ ಬರ್ನೆಟ್‌ಗೆ ಮ್ಯಾಸಚೂಸೆಟ್ಸ್ ವಸಾಹತಿನ ಪ್ರತಿನಿಧಿ ಸಭೆ 1,700 ಪೌಂಡು ಮಂಜೂರು ಮಾಡಿತು. ಆತ ಮುಟ್ಟಲಿಲ್ಲ. ಎಳೆದಾಟ ನಡೆದು ಮೊತ್ತ 3,000 ಪೌಂಡಿಗೆ ಏರಿತು. ವಸಾಹತಿನ ಕಾಗದದ ಹಣಕ್ಕೆ ಅಂದು ಇದ್ದ ಬೆಲೆಯಲ್ಲಿ ಅದು ಇಂಗ್ಲೆಂಡಿನ 1,000 ಪೌಂಡಿಗೆ ಸಮ. ಗವರ್ನರನಿಗೆ ಕೊಡಬೇಕೆಂದು ಲಂಡನ್ನಿನಿಂದ ಬಂದಿದ್ದ ಹುಕುಮಿನಲ್ಲಿ ಇದ್ದದ್ದೂ ಅಷ್ಟೇ. ಆದರೂ ಬರ್ನೆಟ್ ಒಲ್ಲೆನೆಂದ. ಸಭೆ ಕೊಟ್ಟದ್ದು ಈ ಸಲದ ಮಟ್ಟಿಗಿನ ಮಂಜೂರಾತಿ. ಆತನಿಗೆ ಬೇಕಾಗಿದ್ದದ್ದು ವರ್ಷವರ್ಷವೂ ಕೇಳದೆಯೇ ಬರುವ, ಕಾನೂನಿನಲ್ಲಿ ಬರೆದಿಟ್ಟ ಸಂಬಳ.

ಅಮೆರಿಕದ ಕ್ರಾಂತಿ ಎಂದೊಡನೆ ನಮಗೆ ನೆನಪಾಗುವುದು ಸ್ಟಾಂಪ್ ತೆರಿಗೆ, ಬಂದರಿಗೆ ಸುರಿದ ಚಹಾ, ಲೆಕ್ಸಿಂಗ್ಟನ್ನಿನ ಗುಂಡು. ಇವೆಲ್ಲ 1765ರ ಈಚಿನವು. ಮ್ಯಾಸಚೂಸೆಟ್ಸ್ ಸಭೆಗೂ ಬ್ರಿಟಿಷ್ ದೊರೆತನಕ್ಕೂ ನಡೆದ ವ್ಯಾಜ್ಯದ ಬೇರು ಅದಕ್ಕಿಂತ ಬಹಳ ಹಳೆಯದು. ಆ ಬೇರಿನ ತುದಿಯಲ್ಲಿರುವುದು ಸಂಬಳದ ಈ ಸಣ್ಣ ಪ್ರಶ್ನೆ.

ವಸಾಹತಿನ ಆಡಳಿತಕ್ಕೆ ದೊರೆ ಕೊಟ್ಟಿದ್ದ ಮೊದಲ ಸನ್ನದು 1684ರಲ್ಲಿ ರದ್ದಾಗಿ, ನಡುವೆ ದೊರೆ ನೇಮಿಸಿದ ಗವರ್ನರ್ ಆಂಡ್ರೋಸ್‌ನ, ಸಭೆಯೇ ಇಲ್ಲದ ಆಡಳಿತ ಬಂದು, 1689ರಲ್ಲಿ ಬಾಸ್ಟನ್ ಜನ ಅವನನ್ನು ಹಿಡಿದು ಸೆರೆಗೆ ಹಾಕಿದ ಮೇಲೆ, 1691ರಲ್ಲಿ ಇಂಗ್ಲೆಂಡಿನ ದೊರೆ ವಿಲಿಯಂ ಮತ್ತು ರಾಣಿ ಮೇರಿ ಹೊಸ ಸನ್ನದು ಕೊಟ್ಟರು. ಅದರ ಪ್ರಕಾರ ಗವರ್ನರನನ್ನು ನೇಮಿಸುವವನು ದೊರೆ. ಊರೂರಿನ ಪ್ರತಿನಿಧಿಗಳನ್ನು ಆರಿಸುವವರು ಜನ. 28 ಮಂದಿಯ ಮಂಡಳಿಯನ್ನು ವರ್ಷಕ್ಕೊಮ್ಮೆ ಹೊಸ ಪ್ರತಿನಿಧಿ ಸಭೆ ಮತ್ತು ಹಳೆಯ ಮಂಡಳಿ ಕೂಡಿ ಆರಿಸುತ್ತಿದ್ದವು. ಬೇರೆ ರಾಜವಸಾಹತುಗಳಲ್ಲಿ ಮಂಡಳಿಯೂ ದೊರೆಯ ನೇಮಕವೇ ಆಗಿದ್ದರಿಂದ, ಇಲ್ಲಿನ ಗವರ್ನರನಿಗೆ ತನ್ನವರೆನ್ನುವ ಮಂದಿ ಕಡಿಮೆ. ಮಸೂದೆಗೆ ಅಂಕಿತ ನಿರಾಕರಿಸುವುದು, ಸಭೆಯನ್ನು ಮುಂದೂಡುವುದು, ವಿಸರ್ಜಿಸುವುದು ಅವನ ಕೈಯಲ್ಲಿತ್ತು. ಅಂಕಿತ ಬಿದ್ದ ಕಾನೂನನ್ನೂ ಲಂಡನ್ ಮೂರು ವರ್ಷದೊಳಗೆ ತಳ್ಳಿಹಾಕಬಹುದಿತ್ತು.

ಕಾಗದದ ಮೇಲೆ ಇಷ್ಟು ಬಲವುಳ್ಳ ಗವರ್ನರನ ಊಟಕ್ಕೆ ದಾರಿ ಯಾವುದೆಂದು ಸನ್ನದಿನಲ್ಲಿ ಒಂದು ಸಾಲೂ ಇರಲಿಲ್ಲ. ತೆರಿಗೆ ಹಾಕುವ ಅಧಿಕಾರ ಸಭೆಯದು. ಖಜಾನೆಯಿಂದ ದುಡ್ಡು ಹೊರಬರಲು ಗವರ್ನರನ ವಾರಂಟು, ಎಂದರೆ ಹಣ ಕೊಡುವ ಆಜ್ಞೆ, ಮತ್ತು ಮಂಡಳಿಯ ಒಪ್ಪಿಗೆ ಬೇಕು. ಹೀಗಾಗಿ ರೂಢಿಗೆ ಬಂದ ಕ್ರಮ ಇದು: ಪ್ರತಿನಿಧಿ ಸಭೆ ಒಂದು ಮೊತ್ತಕ್ಕೆ ಮತ ಹಾಕುತ್ತದೆ, ಮಂಡಳಿ ಒಪ್ಪುತ್ತದೆ, ಗವರ್ನರ್ ತನ್ನದೇ ಸಂಬಳದ ಮಂಜೂರಾತಿಗೆ ತಾನೇ ಸಹಿ ಹಾಕುತ್ತಾನೆ. ಸಭೆ ಬಯಸಿದ ಮಸೂದೆಗಳಿಗೆ ಆತ ಅಂಕಿತ ಹಾಕಿದನೋ ಇಲ್ಲವೋ ನೋಡಿಕೊಂಡು ಈ ಮತಕ್ಕೆ ಕೈಯೆತ್ತುವುದು ಪ್ರತಿನಿಧಿಗಳಿಗೆ ಬೇಗನೆ ಅಭ್ಯಾಸವಾಯಿತು. ಗವರ್ನರನ ಜುಟ್ಟು ಅವರ ಕೈಗೆ ಸಿಕ್ಕಿದ್ದು ಹೀಗೆ.

ಸ್ಯಾಮ್ಯುಯೆಲ್ ಶೂಟ್ ಎಂಬ ಗವರ್ನರನ ಪಾಡು ಇದಕ್ಕೆ ಉದಾಹರಣೆ. 1720ರಲ್ಲಿ ಸಭೆ ಎಲಿಷಾ ಕುಕ್‌ನನ್ನು ಸ್ಪೀಕರ್ ಆಗಿ ಆರಿಸಿದಾಗ ಶೂಟ್ ಆ ಆಯ್ಕೆಯನ್ನು ತಳ್ಳಿಹಾಕಿದ. ಸಭೆ ಬಗ್ಗಲಿಲ್ಲ, ಆತ ಸಭೆಯನ್ನೇ ವಿಸರ್ಜಿಸಿದ, ಮುಂದಿನ ಸಭೆ ಅವನ ಮಂಜೂರಾತಿಗೆ ಕತ್ತರಿ ಹಾಕಿತು. 1723ರ ಆರಂಭದಲ್ಲಿ ಶೂಟ್ ದೂರು ಹೊತ್ತು ಲಂಡನ್ನಿಗೆ ಹಡಗು ಹತ್ತಿದ. ಫಲವಾಗಿ 1725ರಲ್ಲಿ ವಿವರಣಾ ಸನ್ನದೊಂದು ಹೊರಟಿತು: ಸ್ಪೀಕರನನ್ನು ನಿರಾಕರಿಸುವ ಹಕ್ಕು ಗವರ್ನರನಿಗುಂಟು, ಅವನ ಅಪ್ಪಣೆಯಿಲ್ಲದೆ ಸಭೆ ಎರಡು ದಿನಕ್ಕಿಂತ ಹೆಚ್ಚು ಕಾಲ ತನ್ನನ್ನು ತಾನೇ ಮುಂದೂಡುವಂತಿಲ್ಲ. ಸಭೆ ಗೊಣಗುತ್ತಲೇ ಇದನ್ನು ಒಪ್ಪಿತು. ಸಂಬಳದ ಮಾತು ಮಾತ್ರ ಅಲ್ಲಿಯೂ ಇರಲಿಲ್ಲ. ಬರ್ನೆಟ್ ಬಂದಿಳಿದದ್ದು ಇಂಥ ಹೊತ್ತಿನಲ್ಲಿ.

ಬಾಸ್ಟನ್ ನಗರದ ಗಾಳಿಯೇ ಪ್ರತಿನಿಧಿಗಳ ತಲೆ ಕೆಡಿಸುತ್ತಿದೆ ಎಂದು ಭಾವಿಸಿದ ಆತ ಸಭೆಯನ್ನು ಸೇಲಂಗೆ, ಮರುವರ್ಷ ಕೇಂಬ್ರಿಜ್‌ಗೆ ಎತ್ತಂಗಡಿ ಮಾಡಿದ. ಮನೆಮಠ ಬಿಟ್ಟು ಬಂದ ರೈತ ಪ್ರತಿನಿಧಿಗಳು ಬೇಸತ್ತು ಒಪ್ಪಿಯಾರು ಎಂಬುದು ಲೆಕ್ಕ. ಅದು ಫಲಿಸಲಿಲ್ಲ. ಸಭೆಯ ವಾದ ಸರಳವಾಗಿತ್ತು: ದೊರೆಯನ್ನು ಇಂಗ್ಲೆಂಡಿನ ಜನ ಪಕ್ಕದಲ್ಲೇ ಕಾಣುತ್ತಾರೆ, ನಮ್ಮ ಗವರ್ನರ್ ಪರವೂರಿನವನು, ನಾಲ್ಕು ವರ್ಷ ಇದ್ದು ಹೋಗುವವನು. ಸಂಬಳ ಕಟ್ಟಿಟ್ಟರೆ ಅವನು ನಮ್ಮ ಹಿತ ನೋಡುವುದು ಯಾಕಾಗಿ? ಲಂಡನ್ನಿನ ವಾದವೂ ಅಷ್ಟೇ ಗಟ್ಟಿ: ವರ್ಷವರ್ಷ ಕೈಚಾಚಬೇಕಾದವನು ದೊರೆಯ ಆಜ್ಞೆ ಪಾಲಿಸುವುದು ಹೇಗೆ? ಎರಡೂ ಕಡೆಯವರು ಒಂದೇ ಸತ್ಯವನ್ನು ಹೇಳುತ್ತಿದ್ದರು. ಒಬ್ಬರಿಗೆ ಅದು ರಕ್ಷಣೆ, ಇನ್ನೊಬ್ಬರಿಗೆ ರೋಗ. 1729ರ ಸೆಪ್ಟೆಂಬರಿನಲ್ಲಿ ಬರ್ನೆಟ್ ಜ್ವರದಿಂದ ತೀರಿಕೊಂಡ. ಪಟ್ಟನ್ನು ಯಾರೂ ಸಡಿಲಿಸಿರಲಿಲ್ಲ.

ಅವನ ನಂತರ ಬಂದ ಜೊನಾಥನ್ ಬೆಲ್ಚರ್ ಸ್ಥಳೀಯನೇ. ಕಟ್ಟಿಟ್ಟ ಸಂಬಳ ಬೇಡವೆಂದು ವಾದಿಸಲು ಸಭೆಯೇ ಅವನನ್ನು ಲಂಡನ್ನಿಗೆ ಕಳಿಸಿತ್ತು. ಅಲ್ಲಿಂದ ಆತ ಹಿಂದಿರುಗಿದ್ದು ಗವರ್ನರ್ ಆಗಿ, ಅದೇ 1,000 ಪೌಂಡಿನ ಹುಕುಂ ಜೇಬಿನಲ್ಲಿಟ್ಟುಕೊಂಡು! ಸಭೆ ಅವನಿಗೂ ಮಣಿಯಲಿಲ್ಲ. ಕೊನೆಗೆ 1735ರಲ್ಲಿ ಲಂಡನ್ ಸದ್ದಿಲ್ಲದೆ ಹಿಂದೆ ಸರಿಯಿತು: ವರ್ಷದ ಮಂಜೂರಾತಿಯನ್ನೇ ತೆಗೆದುಕೊಳ್ಳಬಹುದು, ಆದರೆ ಅಧಿವೇಶನದ ಮೊದಲ ಕೆಲಸವಾಗಿ ಅದು ಮುಗಿದಿರಬೇಕು. ಮಸೂದೆಗೂ ಸಂಬಳಕ್ಕೂ ಗಂಟು ಹಾಕಬಾರದೆಂಬುದು ಈ ಷರತ್ತಿನ ಉದ್ದೇಶ. ಮುಂದಿನ ಮೂರು ದಶಕ ಈ ಏರ್ಪಾಡು ಹೇಗೋ ಬಾಳಿತು. ನನ್ನ ಮಟ್ಟಿಗೆ ಇದು ಆ ಸಾಮ್ರಾಜ್ಯದ ಜಾಣ ರಾಜಿಗಳಲ್ಲೊಂದು; ತತ್ತ್ವವನ್ನು ಯಾರೂ ಬಿಟ್ಟುಕೊಡಲಿಲ್ಲ, ಗವರ್ನರನ ಒಲೆಯೂ ಉರಿಯುತ್ತಿತ್ತು.

ಅದನ್ನು ಕೆಡಿಸಿದ್ದು 1767ರ ಟೌನ್‌ಶೆಂಡ್ ಕಾಯ್ದೆ. ಗಾಜು, ಸೀಸ, ಬಣ್ಣ, ಕಾಗದ, ಚಹಾ ಇವುಗಳ ಮೇಲೆ ಹಾಕಿದ ಸುಂಕವನ್ನೇ ಎಲ್ಲರೂ ನೆನೆಯುತ್ತಾರೆ. ಅದರ ಪೀಠಿಕೆಯನ್ನು ಓದುವವರು ಕಡಿಮೆ. ಬಂದ ಹಣವನ್ನು ನ್ಯಾಯಾಡಳಿತಕ್ಕೂ ವಸಾಹತುಗಳ ಸರ್ಕಾರ ನಡೆಸುವುದಕ್ಕೂ ಬಳಸಲಾಗುವುದು ಎಂದು ಅಲ್ಲಿ ಸ್ಪಷ್ಟವಾಗಿತ್ತು. ಎಂದರೆ ಗವರ್ನರ್ ಮತ್ತು ನ್ಯಾಯಾಧೀಶರ ಸಂಬಳ ಇನ್ನು ಸಭೆಯ ಕೈ ದಾಟಿ, ಆದರೆ ವಸಾಹತಿನ ಜನರ ಜೇಬಿನಿಂದಲೇ ಹೋಗುತ್ತದೆ. ಬರ್ನೆಟ್ ಒಂದು ವರ್ಷ ಹೆಣಗಿ ಪಡೆಯದಿದ್ದುದನ್ನು ಪಾರ್ಲಿಮೆಂಟು ಒಂದು ಪೀಠಿಕೆಯಲ್ಲಿ ಪಡೆಯಿತು.

ಬಾಸ್ಟನ್ ಸಭೆಗೆ ಇದು ತಕ್ಷಣ ಅರ್ಥವಾಯಿತು. 1768ರ ಫೆಬ್ರವರಿ 11ರಂದು ಉಳಿದ ವಸಾಹತುಗಳ ಸಭೆಗಳಿಗೆ ಕಳಿಸಲು ಒಪ್ಪಿದ ಸುತ್ತೋಲೆಯಲ್ಲಿ, ಗವರ್ನರನನ್ನು ನೇಮಿಸುವ ದೊರೆಯೇ ಜನರ ಒಪ್ಪಿಗೆಯಿಲ್ಲದೆ, ಜನರ ಖರ್ಚಿನಲ್ಲಿ ಅವನ ಸಂಬಳವನ್ನೂ ಗೊತ್ತುಮಾಡಿದರೆ ಆ ಜನ ಸ್ವತಂತ್ರರೆಂದು ಹೇಳಬಹುದೇ ಎಂದು ಕೇಳಲಾಗಿತ್ತು. ಸುತ್ತೋಲೆಯನ್ನು ಹಿಂತೆಗೆದುಕೊಳ್ಳಿ ಎಂದು ಮಂತ್ರಿ ಹಿಲ್ಸ್‌ಬರೋ ಆಜ್ಞೆ ಕಳಿಸಿದ. ಜೂನ್ 30ರಂದು ಮತಕ್ಕೆ ಹಾಕಿದಾಗ ಹಿಂತೆಗೆಯಲು 17 ಮಂದಿ, ಒಲ್ಲೆವೆಂದವರು 92. ಗವರ್ನರ್ ಬರ್ನಾರ್ಡ್ ಸಭೆಯನ್ನು ವಿಸರ್ಜಿಸಿದ. ಅಕ್ಟೋಬರಿನಲ್ಲಿ ಬಾಸ್ಟನ್ನಿಗೆ ಸೈನ್ಯ ಬಂತು. ಮರುವರ್ಷ ಸಭೆಯ ಕಟ್ಟಡದತ್ತ ಫಿರಂಗಿ ಮುಖಮಾಡಿರುವಾಗ ಕಲಾಪ ನಡೆಸಲಾರೆವೆಂದು ಪ್ರತಿನಿಧಿಗಳು ಪಟ್ಟು ಹಿಡಿದರೆ, ಬರ್ನಾರ್ಡ್ ಫಿರಂಗಿ ಸರಿಸುವ ಬದಲು ಸಭೆಯನ್ನೇ ಕೇಂಬ್ರಿಜ್‌ಗೆ ಸರಿಸಿದ. ಬರ್ನೆಟ್‌ನ ಹಳೆಯ ಮದ್ದು. ಅವನ ನಂತರ ಗವರ್ನರ್ ಆದ ಥಾಮಸ್ ಹಚಿನ್ಸನ್ ಕಾಲದಲ್ಲೂ ಅದೇ ಮುಂದುವರಿದು, ಸಭೆ ಬಾಸ್ಟನ್ನಿಗೆ ಮರಳಿದ್ದು 1772ರಲ್ಲಿ.

ಮರಳಿದ ಬೆನ್ನಲ್ಲೇ ಅದರ ಮುಂದೆ ಬಂದ ಸುದ್ದಿ: ಹಚಿನ್ಸನ್‌ಗೆ ಇನ್ನು ದೊರೆಯ ಬೊಕ್ಕಸದಿಂದ ವರ್ಷಕ್ಕೆ 1,500 ಪೌಂಡು. ಇದು ಸನ್ನದಿನ ಉಲ್ಲಂಘನೆ ಎಂದು ಸಭೆ ಜುಲೈಯಲ್ಲಿ ನಿರ್ಣಯಿಸಿತು. ಶರತ್ಕಾಲದಲ್ಲಿ ಉಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರಿಗೂ ಅದೇ ಏರ್ಪಾಡೆಂದು ತಿಳಿಯಿತು. ಸಭೆ ಕರೆಯಿರೆಂದು ಬಾಸ್ಟನ್ ಊರವರು ಕೇಳಿದರು, ಹಚಿನ್ಸನ್ ಒಪ್ಪಲಿಲ್ಲ. ಆಗ ನವೆಂಬರ್ 2ರಂದು ಊರಸಭೆ 21 ಮಂದಿಯ ಪತ್ರವ್ಯವಹಾರ ಸಮಿತಿಯನ್ನು ನೇಮಿಸಿತು. ಮುಂದೆ ಕ್ರಾಂತಿಯ ನರಮಂಡಲವಾದ ಈ ಸಮಿತಿ ಹುಟ್ಟಿದ್ದು ನ್ಯಾಯಾಧೀಶರ ಸಂಬಳದ ಮೇಲಿನ ಸಿಟ್ಟಿನಿಂದ ಎಂಬುದು ಹಲವರಿಗೆ ಮರೆತಿದೆ.

1773ರ ಜನವರಿಯಲ್ಲಿ ಹಚಿನ್ಸನ್ ದೊಡ್ಡ ತಪ್ಪು ಮಾಡಿದ. ಪಾರ್ಲಿಮೆಂಟಿನ ಪರಮಾಧಿಕಾರಕ್ಕೂ ಪೂರ್ಣ ಸ್ವಾತಂತ್ರ್ಯಕ್ಕೂ ನಡುವೆ ಗೆರೆ ಎಳೆಯಲಾಗದೆಂದು ಸಭೆಯ ಮುಂದೆ ವಾದಿಸಿದ. ಬೆದರಿ ಹಿಂದೆಗೆದಾರೆಂದು ಎಣಿಸಿದ್ದ. ಸಭೆಯ ಉತ್ತರ ತರ್ಕಶುದ್ಧವಾಗಿತ್ತು: ಗೆರೆ ಇಲ್ಲದಿದ್ದರೆ ನಾವು ಒಂದೋ ಗುಲಾಮರು, ಇಲ್ಲವೇ ಸ್ವತಂತ್ರರು, ಗುಲಾಮರಾಗಲು ನಮ್ಮ ಹಿರಿಯರು ಒಪ್ಪಂದ ಮಾಡಿಕೊಂಡಿರಲಾರರು. ಯಾರೂ ಬಾಯಿಬಿಟ್ಟು ಹೇಳದಿದ್ದ ಮಾತನ್ನು ಗವರ್ನರನೇ ಹೇಳಿಸಿದಂತಾಯಿತು.

ಚಹಾ ಬರುವುದು ಇಲ್ಲಿಗೆ. 1770ರಲ್ಲಿ ಟೌನ್‌ಶೆಂಡ್ ಸುಂಕಗಳಲ್ಲಿ ಉಳಿದದ್ದು ಚಹಾದ ಮೇಲಿನ ಪೌಂಡು ತೂಕಕ್ಕೆ 3 ಪೆನ್ಸ್ ಒಂದೇ. ಹಚಿನ್ಸನ್‌ನ ಸಂಬಳ ಹುಟ್ಟುತ್ತಿದ್ದದ್ದು ಅದರಿಂದ. 1773ರ ಚಹಾ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಯ ಚಹಾವನ್ನು ಅಗ್ಗ ಮಾಡಿತ್ತು. ಬೆಲೆ ಏರಿದ್ದಕ್ಕೆ ಜನ ಸಿಡಿದೆದ್ದರೆಂಬ ಮಾತು ಹಾಗಾಗಿ ನಿಲ್ಲುವುದಿಲ್ಲ. ಕಂಪನಿ ಸಾಲದಲ್ಲಿ ಮುಳುಗಿದ್ದಕ್ಕೆ ಬಂಗಾಳದ ಬರ, 1772ರ ಲಂಡನ್ ಬ್ಯಾಂಕುಗಳ ಕುಸಿತ ಮುಖ್ಯ ಕಾರಣ. ಅದಕ್ಕೂ ಮುಂಚೆ, 1769ರಲ್ಲಿ, ಹೈದರಾಲಿಯ ದಂಡಿನ ಸುದ್ದಿ ಲಂಡನ್ ಮುಟ್ಟಿ ಕಂಪನಿಯ ಷೇರು ಕುಸಿದದ್ದೂ ಉಂಟು. ಬಾಸ್ಟನ್ನಿಗೆ ಬಂದ ಚಹಾದ ದಲ್ಲಾಳಿಗಳಲ್ಲಿ ಇಬ್ಬರು ಹಚಿನ್ಸನ್‌ನ ಮಕ್ಕಳೇ. ಡಿಸೆಂಬರ್ 16ರ ರಾತ್ರಿ 342 ಪೆಟ್ಟಿಗೆ ಕಡಲು ಸೇರಿತು.

ನ್ಯಾಯಾಧೀಶರ ಮಾತು ಅಷ್ಟಕ್ಕೇ ನಿಲ್ಲಲಿಲ್ಲ. ಸಭೆಯ ಒತ್ತಾಯಕ್ಕೆ ನಾಲ್ವರು ದೊರೆಯ ಸಂಬಳ ಬಿಟ್ಟರು. ಮುಖ್ಯ ನ್ಯಾಯಾಧೀಶ ಪೀಟರ್ ಆಲಿವರ್ ಬಿಡಲಿಲ್ಲ. 1774ರ ಫೆಬ್ರವರಿಯಲ್ಲಿ ಸಭೆ ಅವನ ಮೇಲೆ ಮಹಾಭಿಯೋಗ ಹೊರಿಸಿತು. ಹಚಿನ್ಸನ್ ವಿಚಾರಣೆಗೆ ಒಪ್ಪಲಿಲ್ಲ. ಆಲಿವರ್ ಕೂತ ಪೀಠದ ಮುಂದೆ ಪ್ರಮಾಣ ಮಾಡಲಾರೆವೆಂದು ಆಗಸ್ಟಿನಲ್ಲಿ ಬಾಸ್ಟನ್ನಿನ ಜ್ಯೂರಿಗಳು ಎದ್ದುಹೋದರು.

ಅಷ್ಟರಲ್ಲಿ ಜನರಲ್ ಗೇಜ್ ಗವರ್ನರ್ ಆಗಿ ಬಂದಿದ್ದ. ಸಭೆ ಮತ್ತೆ ಸೇಲಂಗೆ ಎತ್ತಂಗಡಿ. ಜೂನ್ 17ರಂದು ಪ್ರತಿನಿಧಿಗಳು ಒಳಗಿನಿಂದ ಬೀಗ ಹಾಕಿಕೊಂಡು ವಸಾಹತುಗಳ ಪ್ರತಿನಿಧಿಗಳು ಕೂಡಲಿದ್ದ ಫಿಲಡೆಲ್ಫಿಯಾದ ಕಾಂಗ್ರೆಸ್ಸಿಗೆ ಐವರನ್ನು ಆರಿಸಿ, ಅವರ ಖರ್ಚಿಗೆ 500 ಪೌಂಡು ಗೊತ್ತುಮಾಡುತ್ತಿದ್ದರು. ಗೇಜ್‌ನ ಕಾರ್ಯದರ್ಶಿ ಥಾಮಸ್ ಫ್ಲಕರ್ ಬಾಗಿಲು ತಟ್ಟಿ, ಯಾರೂ ತೆರೆಯದಿದ್ದಾಗ ಮೆಟ್ಟಿಲ ಮೇಲೆ ನಿಂತೇ ವಿಸರ್ಜನೆಯ ಆಜ್ಞೆ ಓದಿದ. ಆ ಬೇಸಿಗೆಯಲ್ಲೇ ಮ್ಯಾಸಚೂಸೆಟ್ಸ್ ಸರ್ಕಾರ ಕಾಯ್ದೆ ಜಾರಿಗೆ ಬಂದು, ಮಂಡಳಿಯನ್ನು ಆರಿಸುವ ಹಕ್ಕು ದೊರೆಯ ಪಾಲಾಯಿತು.

ಅಕ್ಟೋಬರ್ 5ರ ಅಧಿವೇಶನವನ್ನು ಗೇಜ್ ಮೊದಲೇ ರದ್ದು ಮಾಡಿದ್ದ. ಆದರೂ ಸುಮಾರು 90 ಪ್ರತಿನಿಧಿಗಳು ಸೇಲಂಗೆ ಬಂದು, ತಮ್ಮನ್ನು ಪ್ರಾಂತೀಯ ಕಾಂಗ್ರೆಸ್ ಎಂದು ಕರೆದುಕೊಂಡರು. ತಿಂಗಳ ಕೊನೆಯಲ್ಲಿ ಅವರು ಊರೂರಿನ ವಸೂಲಿಗಾರರಿಗೆ ಒಂದು ಸೂಚನೆ ಕಳಿಸಿದರು: ತೆರಿಗೆಯ ಹಣವನ್ನು ಪ್ರಾಂತದ ಖಜಾಂಚಿ ಹ್ಯಾರಿಸನ್ ಗ್ರೇಗೆ ಕಟ್ಟಬೇಡಿ, ಸ್ಟೋ ಊರಿನ ಹೆನ್ರಿ ಗಾರ್ಡ್ನರ್‌ಗೆ ಕಟ್ಟಿ. ಹಣ ಬಂದದ್ದು ನಿಧಾನವಾಗಿಯೇ. ಆದರೆ ಅದಕ್ಕೆ ಇನ್ನು ಗವರ್ನರನ ವಾರಂಟು ಬೇಕಿರಲಿಲ್ಲ.