ಅಜ್ಜಿಯ ಗಂಜಿಯೂ ಸ್ನಾಯುವಿನ ಲೆಕ್ಕವೂ

"ಪ್ರಾಯ ಆದವರಿಗೆ ಒಂದು ಸೌಟು ಗಂಜಿ ಸಾಕು" ಎಂಬ ಮಾತನ್ನು ನಮ್ಮ ಕಾಸರಗೋಡಿನ ಮನೆಗಳಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಪೋಷಣಶಾಸ್ತ್ರ ಓದಲು ಬರುವ ಮಕ್ಕಳೂ ಅದನ್ನು ಮನೆಯಿಂದಲೇ ಕಟ್ಟಿಕೊಂಡು ಬರುತ್ತಾರೆ.

ಬದಿಯಡ್ಕದ ಹತ್ತಿರದ ಒಂದು ಮನೆಗೆ ನನ್ನೊಡನೆ ಬಂದಿದ್ದ ವಿದ್ಯಾರ್ಥಿನಿ "ಅಜ್ಜೀ, ಮಧ್ಯಾಹ್ನಕ್ಕೆ ಎಂಥದು?" ಎಂದು ಕೇಳಿದಳು. "ಗಂಜಿ, ಹುರುಳಿ ಪಲ್ಯ. ಎಲ್ಲ ಉಣ್ತೇನೆ ಮಗಾ" ಎಂಬ ಉತ್ತರ ಬಂದದ್ದೇ ತಡ, ಪುಸ್ತಕದಲ್ಲಿ ಧಾನ್ಯ, ಕಾಳು ಎರಡಕ್ಕೂ ಗುರುತು ಹಾಕಿದಳು. ಕಟ್ಟಿಸಿದ ಹಲ್ಲು ಒಸಡಿಗೆ ಒತ್ತುವುದರಿಂದ ಬಟ್ಟಲಿನ ಅಂಚಿಗೆ ಸರಿದುಳಿದಿದ್ದ ಹುರುಳಿ ಅವಳಿಗೆ ಕಾಣಲಿಲ್ಲ. ಟೇಪು ಸುತ್ತಿದಾಗ ಅಜ್ಜಿಯ ಮೀನಖಂಡದ ಸುತ್ತಳತೆ 29 ಸೆಂಟಿಮೀಟರ್. 31ಕ್ಕಿಂತ ಕಡಿಮೆಯಾದರೆ ಸ್ನಾಯು ಕರಗುತ್ತಿದೆಯೆಂದು ಅನುಮಾನಿಸಬೇಕು. ಈ ಕರಗುವಿಕೆಗೆ ಅಮೆರಿಕದ ಪೋಷಣ ವಿಜ್ಞಾನಿ ಇರ್ವಿನ್ ರೋಸೆನ್‌ಬರ್ಗ್ 1989ರಲ್ಲಿ ಗ್ರೀಕ್ ಪದಗಳಿಂದ 'ಸಾರ್ಕೊಪೀನಿಯಾ' ಎಂದು ಹೆಸರು ಕಟ್ಟಿದರು. ಅಲ್ಲಿಯವರೆಗೆ ಅದು ಬರಿಯ 'ಮುದಿತನ'ವಾಗಿತ್ತು.

ಸ್ನಾಯುವನ್ನು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ಆಹಾರದ ಪ್ರೋಟೀನಿನಲ್ಲಿರುವ ಅಮೈನೊ ಆಮ್ಲಗಳು, ಅವುಗಳಲ್ಲಿಯೂ ಮುಖ್ಯವಾಗಿ ಲ್ಯೂಸಿನ್. ಮುಪ್ಪಿನಲ್ಲಿ ಸ್ನಾಯುವಿಗೆ ಕಿವಿ ಮಂದವಾಗುತ್ತದೆ ಎನ್ನಬಹುದು: ದಿನವಿಡೀ ಪಿಸುಗುಟ್ಟಿದರೂ ಕೇಳಿಸದು, ಒಮ್ಮೆ ಗಟ್ಟಿಯಾಗಿ ಕೂಗಬೇಕು. ನಮ್ಮ ಅಡಿಕೆ ತೋಟದವರಿಗೆ ಇದು ಇನ್ನೂ ಚೆನ್ನಾಗಿ ತಿಳಿದೀತು. ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಿಂದ ಜಿನುಗುವ ನೀರನ್ನು ನೇರವಾಗಿ ತೋಟದ ಕಣಿಗೆ ಬಿಟ್ಟರೆ ಮೊದಲ ನಾಲ್ಕು ಮಾರಿನ ಮಣ್ಣೇ ಅದನ್ನು ಕುಡಿಯುತ್ತದೆ. ಅದೇ ನೀರನ್ನು ಕೆರೆಯಲ್ಲಿ ತುಂಬಿಸಿ ಒಮ್ಮೆಲೇ ಬಿಟ್ಟರೆ ಕೊನೆಯ ಮರದ ಬುಡವೂ ನೆನೆಯುತ್ತದೆ. ಹಿರಿಯರ ಪ್ರತಿ ಹೊತ್ತಿನ ಊಟದಲ್ಲಿ 25ರಿಂದ 30 ಗ್ರಾಂ ಪ್ರೋಟೀನ್ ಬೇಕೆಂದು ಅನೇಕ ಸಂಶೋಧಕರು ಹೇಳುವುದು ಈ ಕಾರಣಕ್ಕೆ. 75 ಗ್ರಾಂ ಕುಚ್ಚಲಕ್ಕಿಯ ಗಂಜಿಯಲ್ಲಿ ಸಿಗುವುದು ಸುಮಾರು 6 ಗ್ರಾಂ ಮಾತ್ರ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಕೋಷ್ಟಕದಲ್ಲಿ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಎಂದಿದೆ, ವಿದ್ಯಾರ್ಥಿಗಳು ಅದನ್ನೇ ಬಾಯಿಪಾಠ ಮಾಡಿರುತ್ತಾರೆ. ಮುಪ್ಪಿನ ಬಗ್ಗೆಯೇ ಅಧ್ಯಯನ ಮಾಡಿದ ತಜ್ಞರ ಅಂತಾರಾಷ್ಟ್ರೀಯ ಗುಂಪೊಂದು 2013ರಲ್ಲಿ 1ರಿಂದ 1.2 ಗ್ರಾಂ ಎಂದಿತು. (ಮೂತ್ರಪಿಂಡದ ಕಾಯಿಲೆ ತೀವ್ರವಾಗಿರುವವರಿಗೆ ಈ ಮಾತು ಅನ್ವಯಿಸದು, ಅಲ್ಲಿ ವೈದ್ಯರನ್ನು ಕೇಳದೆ ಕೈಯಿಡಬಾರದು.) ಹಾಗೆಂದು ಗಂಜಿಯನ್ನು ಬಿಡಿಸುವ ಹಟ ನನಗಿಲ್ಲ. ಹುರುಳಿಯನ್ನು ಬೇಯಿಸಿ ಕಡೆದು ಅದೇ ಗಂಜಿಗೆ ಬೆರೆಸಬಹುದು, ಜೊತೆಗೊಂದು ಲೋಟ ಹಾಲು ಕೊಡಬಹುದು. ಬಂಗುಡೆ ಬೇಯುವ ಮನೆಯಾದರೆ ಕೆಲಸ ಇನ್ನೂ ಸುಲಭ.

ಊಟದ ಜೊತೆಗೆ ಸ್ನಾಯುವಿಗೆ ದುಡಿಮೆಯೂ ಬೇಕು. ಕುರ್ಚಿಯಿಂದ ಕೈಯೂರದೆ ಐದು ಸಲ ಎದ್ದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅದೂ ಒಂದು ಸೂಚನೆಯೆಂದು ಏಷ್ಯಾದ ತಜ್ಞರ 2019ರ ಮಾರ್ಗಸೂಚಿ ಹೇಳುತ್ತದೆ. ಅಜ್ಜಿ ಮೂರನೆಯ ಸಲಕ್ಕೇ ಕುರ್ಚಿಯ ಕೈ ಹಿಡಿದರು. ವಿದ್ಯಾರ್ಥಿನಿ ಪುಸ್ತಕ ಮಡಚಿಟ್ಟು, ಹುರುಳಿ ಉಳಿದಿದ್ದ ಬಟ್ಟಲನ್ನು ಆಗ ನೋಡಿದಳು.